ಮೊದಲ ಹನಿ ಜೇನಾಗುವುದು ಬೇಡ: ಮೋತಿ ಡೊಂಗರಿನ ಆಯಿಗಳಿಗೆ ಒಂದು ಬಹಿರಂಗ ಪತ್ರ

ಮೋತಿ ಡೊಂಗರಿನ ಎಲ್ಲ ಆಯಿಗಳೇ, ಅವ್ವಂದಿರೇ,

ನಿಮ್ಮ ಮನೆಯ ಗೂಡಿನಲ್ಲಿ, ದೇವರ ಪಟದ ಪಕ್ಕಕ್ಕೋ ಸಕ್ಕರೆ ಡಬ್ಬಿಯ ಹಿಂದೆಯೋ ಇಟ್ಟಿರುವ ಜೇನುತುಪ್ಪದ ಬಾಟಲಿಯ ಸಲುವಾಗಿ ಈ ಪತ್ರ. ಮಡಗಾಂವಿನ ಈ ಗುಡ್ಡಕ್ಕೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಮನೆತನಗಳು ಊರಿನ ಮಾತು, ಊರಿನ ರೊಟ್ಟಿ ಬಿಟ್ಟಿಲ್ಲ. ಬಾಣಂತಿಯ ಆರೈಕೆಯನ್ನಂತೂ ಬಿಟ್ಟೇ ಇಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಘಟ್ಟ ಇಳಿದು ಬರುವ ಚೀಲದಲ್ಲಿ ಗುರೆಳ್ಳ ಹಿಂಡಿ, ಅಳವಿ, ಬಜಿ, ಅಂಟು ಇರುತ್ತವೆ. ಅವುಗಳ ನಡುವೆ ಅರಿವೆ ಸುತ್ತಿ, ಸೋರದಂತೆ ನೆಟ್ಟಗೆ ನಿಲ್ಲಿಸಿದ ಒಂದು ಜೇನಿನ ಬಾಟಲಿಯೂ ಇರುತ್ತದೆ.

ಆ ಬಾಟಲಿಯ ಮೇಲೆ ನಿಮಗಿರುವ ನಂಬಿಕೆ ದೊಡ್ಡದು. ಕೂಸಿನ ಬಾಯಿಗೆ ಬೀಳುವ ಮೊದಲ ರುಚಿ ಅದರದೇ ಆಗಬೇಕು ಎನ್ನುವಷ್ಟು ದೊಡ್ಡದು. ನನ್ನ ಕೋರಿಕೆಯೂ ಅದರ ಬಗ್ಗೆಯೇ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸಬೇಡಿ. ಒಂದು ವರ್ಷ ತುಂಬುವವರೆಗೆ ಬೆರಳ ತುದಿಯಷ್ಟೂ ಬೇಡ, ಬಜಿಯೊಂದಿಗೂ ಬೇಡ, ಹಾಲಿನಲ್ಲಿ ಬೆರೆಸಿಯೂ ಬೇಡ.

ಈ ಮಾತು ನಿಮಗೆ ಕಹಿಯಾಗುತ್ತದೆಂದು ಬಲ್ಲೆ. ಕೂಸು ಹುಟ್ಟಿದ ಮನೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಸಾಣೆಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು ಬಜಿಯನ್ನು ನಾಲ್ಕು ಸುತ್ತು ತೇಯುತ್ತೀರಿ. ಆಮೇಲೆ ಮಾಚಿಕಾಯಿ ಎರಡು ಸುತ್ತು, ಜಾಜಿಕಾಯಿ ಒಂದೇ ಸುತ್ತು, ಅಳಲೆಕಾಯಿ ಇನ್ನೆರಡು. ಯಾವುದು ಎಷ್ಟು ಸುತ್ತು ಎಂಬ ಲೆಕ್ಕ ಕೈಗೇ ಗೊತ್ತಿರುತ್ತದೆ. ಗಂಧದಂತಾದ ಆ ಗುಟ್ಟಿಯನ್ನು ಬೆರಳಿನಿಂದ ಬಳಿದು, ಬೆಳ್ಳಿ ಬಟ್ಟಲಿಗೆ ಹಾಕಿ, ಮೇಲೊಂದು ಹನಿ ಜೇನು ಬಿಟ್ಟು, ಬಂಗಾರದ ಉಂಗುರ ಅದ್ದಿ ಕೂಸಿನ ನಾಲಗೆಗೆ ಸವರುತ್ತೀರಿ. ಕೂಸು ಚಪ್ಪರಿಸಿದರೆ ಇಡೀ ಮನೆ ನಗುತ್ತದೆ. ಇದರಲ್ಲಿ ಪ್ರೀತಿಯಲ್ಲದೆ ಬೇರೇನಿಲ್ಲ. ಜಾತಕರ್ಮದಲ್ಲಿ ತುಪ್ಪ, ಜೇನು, ಬಂಗಾರ ಮೂರನ್ನೂ ಕೂಡಿಸಿದ ಹಿರಿಯರಿಗೂ ಪ್ರೀತಿಯೇ ಇತ್ತು. ಆದರೆ ಆ ಹನಿಯೊಳಗೆ ಏನು ಅಡಗಿರಬಹುದು ಎಂಬುದು ಅವರಿಗೆ ಕಾಣುವಂತಿರಲಿಲ್ಲ. ಅದು ವೈದ್ಯರಿಗೆ ತಿಳಿದದ್ದೂ ಇತ್ತೀಚೆಗೆ, 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ.

ಅಡಗಿರಬಹುದಾದ ಆ ಜೀವಾಣುವಿನ ಹೆಸರು ಕ್ಲಾಸ್ಟ್ರಿಡಿಯಂ ಬೊಟುಲಿನಂ. ಅದು ಮಣ್ಣಿನಲ್ಲಿರುತ್ತದೆ, ಧೂಳಿನಲ್ಲಿರುತ್ತದೆ. ಜೇನಹುಳುಗಳ ಮೂಲಕ ಅದರ ಬೀಜಾಣು ಜೇನುತುಪ್ಪಕ್ಕೂ ಸೇರುವುದುಂಟು. ಜೇನಿನಲ್ಲಿ ಅದು ಮೊಳೆಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ನೀವು ತಿಂದರೂ ನಾನು ತಿಂದರೂ ನಮ್ಮ ಕರುಳಿನಲ್ಲಿ ಮೊದಲೇ ಬೀಡುಬಿಟ್ಟ ಒಳ್ಳೆಯ ಜೀವಾಣುಗಳು ಅದಕ್ಕೆ ಜಾಗ ಕೊಡುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಕೂತಿರುವುದಿಲ್ಲ. ಬೀಜಾಣು ಅಲ್ಲಿ ಮೊಳೆತು ವಿಷ ಬಿಡುತ್ತದೆ, ಆ ವಿಷ ನರಗಳನ್ನು ಹಿಡಿಯುತ್ತದೆ. ಮೊದಲು ಮಲ ಕಟ್ಟುತ್ತದೆ. ಆಮೇಲೆ ಅಳು ಕ್ಷೀಣವಾಗುತ್ತದೆ, ಮೊಲೆ ಚೀಪುವ ಬಲ ತಗ್ಗುತ್ತದೆ, ರೆಪ್ಪೆ ಜೋಲುತ್ತದೆ, ಎತ್ತಿಕೊಂಡರೆ ಕುತ್ತಿಗೆ ನಿಲ್ಲುವುದಿಲ್ಲ, ಮೈಯೆಲ್ಲ ಸಡಿಲ. ಹೆಚ್ಚಾದರೆ ಉಸಿರಿಗೇ ಕುತ್ತು. ಹೊತ್ತಿಗೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಹೆಚ್ಚಿನ ಕೂಸುಗಳು ಬದುಕುತ್ತವೆ. ಆದರೆ ಮಲ ಕಟ್ಟಿದಾಗ ನಾವು ಮಾಡುವುದೇನು? ಹೊಟ್ಟೆ ಸಡಿಲಾಗಲಿ ಎಂದು ಇನ್ನೊಂದಿಷ್ಟು ಜೇನು ನೆಕ್ಕಿಸುತ್ತೇವೆ.

‘ನಾವು ಹಡೆದ ಮಕ್ಕಳಿಗೆಲ್ಲ ನೆಕ್ಕಿಸಿದ್ದೇವೆ, ಏನೂ ಆಗಿಲ್ಲ’ ಎನ್ನುತ್ತೀರಿ. ನಿಜ. ಎಲ್ಲ ಜೇನಿನಲ್ಲೂ ಈ ಬೀಜಾಣು ಇರುವುದಿಲ್ಲ, ಇದ್ದರೂ ಎಲ್ಲ ಕೂಸಿಗೂ ರೋಗ ಬರುವುದಿಲ್ಲ. ಇದು ಅಪರೂಪದ ರೋಗವೇ. ಆದರೆ ಯಾವ ಬಾಟಲಿಯಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿಗಾಗಲಿ ಮೂಗಿಗಾಗಲಿ ನಾಲಗೆಗಾಗಲಿ ತಿಳಿಯುವುದಿಲ್ಲ. ಜೇನು ಎಷ್ಟೇ ಶುದ್ಧವಾಗಿರಲಿ, ಅಡವಿಯದೇ ಆಗಿರಲಿ, ನಿಮ್ಮ ಕಣ್ಣೆದುರೇ ಹಿಂಡಿದ್ದಾಗಿರಲಿ, ಈ ಒಂದು ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಕಾಯಿಸಿ ಆರಿಸಿದರೆ ಹೋಗುತ್ತದೆಯೇ? ಹೋಗುವುದಿಲ್ಲ. ಒಲೆಯ ಮೇಲಿನ ಕುದಿತಕ್ಕೆ ಆ ಬೀಜಾಣು ಸಾಯುವುದಿಲ್ಲ.

ಇನ್ನೊಂದು ಮಾತು. ಜೇನು ನೆಕ್ಕಿಸುವ ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ತಾಯಿಯ ಮೊದಲ ಹಳದಿ ಹಾಲನ್ನು ‘ಕೆಟ್ಟದ್ದು’ ಎಂದು ಹಿಂಡಿ ಚೆಲ್ಲುತ್ತಾರೆ. ಚೆಲ್ಲಬೇಕಾದದ್ದನ್ನು ಕುಡಿಸಿ, ಕುಡಿಸಬೇಕಾದದ್ದನ್ನು ಚೆಲ್ಲಿದಂತಾಯಿತು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿ, ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನನ್ನೂ, ನೀರನ್ನೂ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಹೇಳುತ್ತ ಬಂದಿವೆ. ಮಡಗಾಂವಿನ ಸರಕಾರಿ ಆಸ್ಪತ್ರೆಯ ನರ್ಸಕ್ಕನನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಗುಟ್ಟಿ ತೇಯುವ ಆ ಕೈ ಆರು ತಿಂಗಳು ಸುಮ್ಮನಿರಬೇಕಾಗಿಲ್ಲ. ಎಣ್ಣೆ ತಿಕ್ಕಿ, ಎರೆದು, ಹೊಗೆ ಹಾಕದ ಬೆಚ್ಚನೆಯ ಅರಿವೆಯಲ್ಲಿ ಸುತ್ತಿ ಮಲಗಿಸಲು ನಿಮ್ಮಷ್ಟು ಬಲ್ಲವರು ಯಾರಿದ್ದಾರೆ?

ಹಾಗಾದರೆ ಬಾಟಲಿಯನ್ನು ಎಸೆಯಬೇಕೇ ಎಂದರೆ ಖಂಡಿತ ಬೇಡ. ಜೇನಿನಿಂದ ಆಗುವ ಒಳ್ಳೆಯದು ನಿಜವಾಗಿಯೂ ಇದೆ. ವರ್ಷ ದಾಟಿದ ಮಗುವಿಗೆ ನೆಗಡಿಯಾಗಿ ರಾತ್ರಿಯಿಡೀ ಕೆಮ್ಮುತ್ತಿದ್ದರೆ ಮಲಗುವ ಮುನ್ನ ಅರ್ಧದಿಂದ ಒಂದು ಚಹಾ ಚಮಚ ಜೇನು ಕೊಡಿ. ಅಮೆರಿಕದಲ್ಲಿ 105 ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಏನೂ ಕೊಡದ ಮಕ್ಕಳಿಗಿಂತ ಜೇನು ತಿಂದ ಮಕ್ಕಳ ಕೆಮ್ಮು ತಗ್ಗಿ, ನಿದ್ದೆ ಚೆನ್ನಾಗಿ ಬಂದಿತ್ತು. ಅಂಗಡಿಯ ಕೆಮ್ಮಿನ ಸಿರಪ್ಪಿಗೆ ಹಣ ಸುರಿಯುವ ಬದಲು ಇದನ್ನು ನೆಚ್ಚಬಹುದು. ಶುಂಠಿ ರಸ, ತುಳಸಿ ರಸ ಕೂಡಿಸುವುದು ನಿಮ್ಮಿಷ್ಟ. ಆದರೆ ಜ್ವರ ಏರಿದರೆ, ಪಕ್ಕೆ ಎಳೆಯುತ್ತಿದ್ದರೆ, ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಜೇನು ಹಿಡಿದು ಕೂರಬೇಡಿ, ದವಾಖಾನೆಗೆ ನಡೆಯಿರಿ.

ಗಾಯದ ವಿಷಯಕ್ಕೆ ನಮ್ಮ ಸೊಲ್ಲಾಪುರದ ಹೆಸರೇ ಜಗತ್ತಿನ ವೈದ್ಯಪುಸ್ತಕಗಳಲ್ಲಿದೆ. ಕನ್ನಡ ಮಾತಾಡುವವರು ಸಾಕಷ್ಟಿರುವ ಆ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಅವರು ಸುಟ್ಟಗಾಯದ 104 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಜೇನು, ಉಳಿದರ್ಧಕ್ಕೆ ಆಗ ರೂಢಿಯಲ್ಲಿದ್ದ ಬೆಳ್ಳಿಯ ಮುಲಾಮು ಹಚ್ಚಿ ನೋಡಿದರು. ಜೇನು ಹಚ್ಚಿದ ಗಾಯಗಳು ಬೇಗ ಸೋಂಕು ಕಳೆದುಕೊಂಡು ಬೇಗ ಮಾಯ್ದವು. 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಜೇನಿಗೆ ಆ ಗುಣ ಬರುವುದಕ್ಕೆ ಕಾರಣವಿದೆ. ಅದರಲ್ಲಿ ಸಕ್ಕರೆ ಎಷ್ಟು ದಟ್ಟವಾಗಿದೆ ಎಂದರೆ ರೋಗಾಣುವಿನ ಮೈಯ ನೀರನ್ನೇ ಅದು ಹೀರುತ್ತದೆ. ಜೊತೆಗೆ ಹುಳಿ ಗುಣವಿದೆ. ಹುಳು ತನ್ನ ಬಾಯಿಯಿಂದ ಸೇರಿಸಿದ ಒಂದು ಕಿಣ್ವ ಗಾಯದ ತೇವ ತಗುಲಿದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಆದರೂ ಆಸ್ಪತ್ರೆಗಳಲ್ಲಿ ಇಂದು ಬಳಸುವುದು ವಿಕಿರಣದಿಂದ ರೋಗಾಣುಮುಕ್ತ ಮಾಡಿದ ಜೇನು. ಮನೆಯ ಬಾಟಲಿಯದು ಅಡುಗೆಮನೆಯಲ್ಲಿ ಬೆರಳಿಗೆ ಬಿಸಿ ತಾಗಿದ ಸಣ್ಣ ಉರಿಗಷ್ಟೇ, ಅದೂ ಮೊದಲು ತಣ್ಣೀರಿನ ಧಾರೆಗೆ ಹಿಡಿದ ಮೇಲೆ. ದೊಡ್ಡ ಸುಟ್ಟಗಾಯಕ್ಕೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅದನ್ನು ಬಳಿಯಬೇಡಿ.

ಸಕ್ಕರೆ ಕಾಯಿಲೆಯ ಮಾತು ಬಂತು, ಅದನ್ನೂ ಮುಗಿಸುತ್ತೇನೆ. ‘ಸಕ್ಕರೆ ಬಿಟ್ಟು ಚಹಾಕ್ಕೆ ಜೇನು ಹಾಕುತ್ತೇವೆ, ಅದು ನಡೆಯುತ್ತದೆ’ ಎಂಬ ಮಾತನ್ನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ನಡೆಯುವುದಿಲ್ಲ ಅವ್ವಾ. ಜೇನಿನಲ್ಲಿ ನೂರಕ್ಕೆ ಎಂಬತ್ತು ಪಾಲು ಸಕ್ಕರೆಯೇ, ಉಳಿದದ್ದರಲ್ಲಿ ಹೆಚ್ಚಿನದು ನೀರು. ರಕ್ತದ ಸಕ್ಕರೆ ಅದರಿಂದಲೂ ಏರುತ್ತದೆ. ಮುಂಜಾನೆ ಬಿಸಿನೀರಿಗೆ ಜೇನು ಬೆರೆಸಿ ಕುಡಿದು ಮೈ ಇಳಿಸುವೆನೆನ್ನುವವರು ಆಯುರ್ವೇದದ ಹೆಸರು ಹೇಳುತ್ತಾರೆ. ಆ ಆಯುರ್ವೇದವೇ ಜೇನನ್ನು ಕಾಯಿಸಬೇಡಿ, ಬಿಸಿಯೊಂದಿಗೆ ಸೇವಿಸಬೇಡಿ, ತುಪ್ಪದ ಜೊತೆ ಸಮತೂಕದಲ್ಲಿ ಬೆರೆಸಬೇಡಿ ಎಂದು ಎಚ್ಚರಿಸಿದೆ. ಇಂದಿನ ವಿಜ್ಞಾನ ಕಾಯಿಸಿದ ಜೇನನ್ನು ವಿಷವೆನ್ನುವುದಿಲ್ಲ. ಆದರೆ ಕಾಯಿಸಿದರೆ ನಾನು ಮೇಲೆ ಹೇಳಿದ ಕಿಣ್ವ ಕೆಡುತ್ತದೆ, ಕಂಪು ಹಾರುತ್ತದೆ, ಸಿಹಿಯೊಂದೇ ಉಳಿಯುತ್ತದೆ ಎನ್ನುತ್ತದೆ.

ಈಗ ಬಾಟಲಿಯೊಳಗೆ ಇರುವುದು ಜೇನೇ ಹೌದೇ ಎಂಬ ಪ್ರಶ್ನೆ. ಗುಡ್ಡದ ಏರಿನಲ್ಲಿ ಬಕೆಟ್ ಹೊತ್ತು ‘ಜೇನ್ ತುಪ್ಪಾ’ ಎಂದು ಕೂಗುತ್ತ ಬರುವವನು ನಮ್ಮ ಕಡೆಯವನೇ ಆಗಿರಬಹುದು. ಹೊಟ್ಟೆಪಾಡಿಗೆ ತಿರುಗುವವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಕೆಟ್ಟನ್ನು ಬಗ್ಗಿ ನೋಡಿ. ಮೇಲೆ ತೇಲುವ ಎರಿಯ ತುಂಡುಗಳನ್ನು, ನಾಲ್ಕಾರು ಸತ್ತ ಹುಳುಗಳನ್ನು ಕಂಡು ನಾವು ಒಪ್ಪಿಬಿಡುತ್ತೇವೆ. ಆ ಎರಿಯ ಕಣ್ಣುಗಳ ಮೇಲೆ ತೆಳುವಾದ ಬಿಳಿ ಮುಚ್ಚಳವಿದ್ದರೆ ಅಲ್ಲಿ ತುಪ್ಪ ಇತ್ತು ಎನ್ನಬಹುದು. ಕಂದು ಮುಚ್ಚಳ ಉಬ್ಬಿಕೊಂಡಿದ್ದರೆ, ಕಣ್ಣಿನೊಳಗೆ ಬೆಳ್ಳನೆಯ ಮರಿಹುಳು ಸುರುಳಿ ಸುತ್ತಿ ಮಲಗಿದ್ದರೆ ಅದು ತುಪ್ಪದ ಎರಿಯಲ್ಲ, ಮರಿಗಳ ತೊಟ್ಟಿಲು. ಅದನ್ನು ಬೆಲ್ಲದ ಪಾಕದ ಮೇಲೆ ತೇಲಿಬಿಟ್ಟರೆ ಪಾಕ ಜೇನಾಗುವುದಿಲ್ಲ. ಅಸಲಿ ಜೇನು ನೀರಿಗೆ ಬಿಟ್ಟರೆ ತಳಕ್ಕಿಳಿಯುತ್ತದೆ, ಕಾಗದ ಅದನ್ನು ಹೀರುವುದಿಲ್ಲ, ಬತ್ತಿಗೆ ಅದ್ದಿದರೆ ಉರಿಯುತ್ತದೆ, ಇರುವೆ ಮುತ್ತುವುದಿಲ್ಲ ಎಂಬ ಪರೀಕ್ಷೆಗಳನ್ನೂ ನೆಚ್ಚಬೇಡಿ. ಗಟ್ಟಿ ಪಾಕ ಯಾವುದಾದರೂ ನೀರಿನ ತಳಕ್ಕೆ ಇಳಿಯುತ್ತದೆ. ಮಾರುವವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಗ್ಲಾಸು, ನೀರು ಅವನೇ ತಂದಿರುತ್ತಾನೆ.

ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಹರಳು ಕಟ್ಟಿದರೆ ‘ಸಕ್ಕರೆ ಕೂಡಿಸಿದ್ದಾನೆ’ ಎಂದು ಬೈಯುವುದೂ ತಪ್ಪು. ಒಳ್ಳೆಯ ಜೇನೂ ಹರಳುಗಟ್ಟುತ್ತದೆ. ಸೂರ್ಯಕಾಂತಿಯದು, ರಬ್ಬರಿನದು ಬಹಳ ಬೇಗ. ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಕರಗುತ್ತದೆ.

ದೊಡ್ಡ ಅಂಗಡಿಯ ಚೆಂದದ ಬಾಟಲಿಯಾದರೆ ಚಿಂತೆಯಿಲ್ಲವೆಂದೇನೂ ಇಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪ್ರಕಟಿಸಿದಂತೆ, ಅದು ಪರೀಕ್ಷಿಸಿದ 13 ಬ್ರ್ಯಾಂಡುಗಳ 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆಗಳಲ್ಲೂ ಗೆದ್ದದ್ದು ಐದೇ. ರೂಢಿಯ ಪರೀಕ್ಷೆಗೆ ಸಿಗದಂತೆ ತಯಾರಿಸಿದ ಸಕ್ಕರೆ ಪಾಕಗಳೇ ಮಾರುಕಟ್ಟೆಯಲ್ಲಿವೆ ಎಂದು ಅದು ಹೇಳಿತು. ಕಂಪನಿಗಳು ಒಪ್ಪಲಿಲ್ಲ. ಪ್ರಯೋಗಾಲಯವೇ ತಿಣುಕುವಲ್ಲಿ ನಿಮ್ಮ ನಾಲಗೆಯಾಗಲಿ ನನ್ನದಾಗಲಿ ಏನು ಮಾಡೀತು? ಅದಕ್ಕೇ ನಾನು ಬಾಟಲಿಗಿಂತ ಜನರನ್ನು ನಂಬಿ ಕೊಳ್ಳಿ ಎನ್ನುತ್ತೇನೆ. ಪುತ್ತೂರು, ವಿರಾಜಪೇಟೆಗಳ ಜೇನು ಕೃಷಿಕರ ಸಹಕಾರ ಸಂಘಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತೆಗೆದ ಅಡವಿ ಜೇನು ಸಿಗುತ್ತದೆ. ಊರಿನ ಹೊಲದಂಚಿನಲ್ಲಿ ಪೆಟ್ಟಿಗೆ ಇಟ್ಟ ರೈತ ಗುರುತಿದ್ದರೆ ಇನ್ನೂ ಒಳ್ಳೆಯದು.

ಹುಳುಗಳನ್ನೂ ಗುರುತು ಹಿಡಿಯಬೇಕು. ಹೆಜ್ಜೇನು ಎತ್ತರದ ಮರ, ಬಂಡೆ, ಈಗೀಗ ಮಡಗಾಂವಿನ ಬಹುಮಹಡಿ ಕಟ್ಟಡಗಳ ಸಜ್ಜಕ್ಕೂ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಪೆಟ್ಟಿಗೆಗೆ ಒಗ್ಗುವುದಿಲ್ಲ. ಅದರ ತುಪ್ಪವಿರುವುದು ಕೊಂಬೆಗೆ ಅಂಟಿದ ಮೇಲ್ಭಾಗದಲ್ಲಿ, ಮರಿಗಳು ಕೆಳಗೆ. ಬಲ್ಲವರು ಮೇಲಿನ ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಗಳನ್ನು ಬಿಡುತ್ತಾರೆ. ಕಟ್ಟಡದ ಕೆಲಸಕ್ಕೆ ಹೋಗುವ ನಿಮ್ಮ ಮಕ್ಕಳಿಗೆ ಇದನ್ನು ಹೇಳಿಡಿ: ವಿಷದ ಔಷಧ ಹೊಡೆದು ಉದುರಿಸಿದ ಹೆಜ್ಜೇನಿನ ಎರಿಯನ್ನು ಮನೆಗೆ ತಂದು ಹಿಂಡಬೇಡಿ. ತುಡುವೆ ಮರದ ಪೊಟರೆಯಲ್ಲಿ, ಹುತ್ತದಲ್ಲಿ ಏಳೆಂಟು ಎರಿ ಕಟ್ಟುತ್ತದೆ, ಪೆಟ್ಟಿಗೆಯಲ್ಲೂ ಸಂಸಾರ ಮಾಡುತ್ತದೆ. ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ನೇತುಹಾಕುತ್ತದೆ. ಮುಜಂಟಿಗೆ ಕೊಂಡಿಯೇ ಇಲ್ಲ. ಗೋವೆಯ ಕೆಂಪುಕಲ್ಲಿನ ಹಳೆಯ ಗೋಡೆಯ ಸಂದಿನಿಂದ ಮೇಣದ ಸಣ್ಣ ಕೊಳವೆ ಹೊರಚಾಚಿ, ಅದರ ಬಾಯಲ್ಲಿ ಸೊಳ್ಳೆಯಷ್ಟೇ ಗಾತ್ರದ ಕರಿಹುಳುಗಳು ಕೂತಿದ್ದರೆ ಅದೇ. ಗಿಲಾವು ಮಾಡುವಾಗ ಮುಚ್ಚಿಬಿಡಬೇಡಿ. ಅದರ ತುಪ್ಪ ತೆಳು, ಹುಳಿ, ಬಲು ಕಡಿಮೆ, ಹಾಗಾಗಿ ತುಟ್ಟಿ. ಇವಲ್ಲದೆ ಯುರೋಪಿನಿಂದ ತಂದ ಜೇನಹುಳುವೂ ಇದೆ. 1962ರಲ್ಲಿ ಹಿಮಾಲಯದ ಬುಡದ ನಗ್ರೋಟಾದಲ್ಲಿ ನೆಲೆಯೂರಿತು. ಇಂದು ಅಂಗಡಿಯ ಬಾಟಲಿಗಳಲ್ಲಿ ಹೆಚ್ಚಿನದು ಅದರದೇ ತುಪ್ಪ.

ರುಚಿ, ಬಣ್ಣ ಹೂವಿನಿಂದ ಬರುತ್ತದೆ. ಘಟ್ಟದ ನೇರಳೆಯದು ಕಪ್ಪಗೆ, ತುಸು ಕಹಿ. ಕೊಡಗಿನ ಕಾಫಿ ಹೂವಿನದು, ನಮ್ಮ ಬಯಲಿನ ಬೇವು, ಹೊಂಗೆ, ಗುರೆಳ್ಳಿನದು ಒಂದೊಂದೂ ಬೇರೆ. ಕಪ್ಪಗಿದ್ದರೆ ಬೆಲ್ಲ, ಬೆಳ್ಳಗಿದ್ದರೆ ಸಕ್ಕರೆ ಎಂದು ತೀರ್ಪು ಕೊಡಬೇಡಿ. ಮಳೆಗಾಲದ ಅಡವಿ ಜೇನಿನಲ್ಲಿ ನೀರು ಹೆಚ್ಚು, ಬೇಗ ನೊರೆಯೆದ್ದು ಹುಳಿಯುತ್ತದೆ. ಒದ್ದೆ ಚಮಚ ಅದ್ದಿದರೂ ಹಾಗೇ ಆಗುತ್ತದೆ. ಗೋವೆಯ ಹವೆಗೆ ಗಾಜಿನ ಬಾಟಲಿಯ ಮುಚ್ಚಳ ಬಿಗಿಯಾಗಿರಲೇಬೇಕು.

ಊರಿನಲ್ಲಿದ್ದಾಗ ನಿಮ್ಮಲ್ಲಿ ಕೆಲವರಾದರೂ ಸೂರ್ಯಕಾಂತಿ ಹೊಲದಲ್ಲಿ ಮುಂಜಾನೆಯ ಹೊತ್ತು ಒಂದು ಕೂಲಿ ಮಾಡಿರುತ್ತೀರಿ. ಕೈಗೆ ಮೆತ್ತನೆಯ ಅರಿವೆ ಸುತ್ತಿಕೊಂಡು, ಅರಳಿದ ಒಂದು ಹೂವಿನ ಮುಖ ಸವರಿ, ಅದೇ ಕೈಯಿಂದ ಮುಂದಿನ ಹೂವನ್ನು ಸವರುತ್ತ ಸಾಲಿನುದ್ದಕ್ಕೂ ನಡೆಯುವ ಕೂಲಿ. ಪರಾಗ ಹೂವಿನಿಂದ ಹೂವಿಗೆ ದಾಟದಿದ್ದರೆ ಕಾಳು ಜೊಳ್ಳಾಗುತ್ತದೆ, ಅದಕ್ಕೆ ಕೃಷಿ ವಿಶ್ವವಿದ್ಯಾಲಯದವರೇ ಹೇಳಿಕೊಟ್ಟ ಉಪಾಯವಿದು. ಪರಾಗ ದಾಟಿಸುವುದು ಜೇನಹುಳುವಿನ ಕೆಲಸ. ಹೂ ಅರಳಿದ ಹೊತ್ತಿನಲ್ಲೇ ಔಷಧ ಹೊಡೆದು ಹುಳುವನ್ನು ಕೊಂದಲ್ಲಿ ಅದರ ಕೂಲಿ ನಿಮ್ಮ ಕೈಗೆ ಬಂತು. ಇದಲ್ಲದೆ 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಬಂದು ಕರ್ನಾಟಕ, ಕೇರಳ, ತಮಿಳುನಾಡಿನ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾಗಿದ್ದವು. ಮರಿಹುಳುಗಳು ಕಣ್ಣಿನೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಅದರಿಂದ ತಲೆಯೆತ್ತಿದ ಕುಟುಂಬಗಳೇ ಇಂದಿನವು. ನಿಮ್ಮ ಬಾಟಲಿಯಲ್ಲಿ ಇರುವುದು ಅಸಲಿ ಜೇನೇ ಆಗಿದ್ದರೆ ಅದರ ಹಿಂದೆ ಇಷ್ಟು ಕಷ್ಟವಿದೆ. ಹೊಲವಿನ್ನೂ ಕೈಯಲ್ಲಿರುವವರು ಊರಿಗೆ ಫೋನ್ ಮಾಡಿದಾಗ ತಮ್ಮಂದಿರಿಗೆ ಇಷ್ಟು ಹೇಳಿ: ಹೂ ಬಿಟ್ಟ ಬೆಳೆಗೆ ಔಷಧ ಬೇಡ, ಹೊಡೆಯಲೇಬೇಕಾದರೆ ಹುಳು ಗೂಡಿಗೆ ಮರಳಿದ ಸಂಜೆಗೆ ಹೊಡೆಯಲಿ.

ಕೂಸಿನ ಮಾತಿಗೇ ಬರುತ್ತೇನೆ, ಏಕೆಂದರೆ ಈ ಪತ್ರದಲ್ಲಿ ತಡಮಾಡಬಾರದ ವಿಷಯ ಅದೊಂದೇ. ನಿಮ್ಮ ಸೊಸೆ ಓದಿದವಳಿರಬಹುದು, ಆಸ್ಪತ್ರೆಯಲ್ಲಿ ಇದನ್ನು ಕೇಳಿಕೊಂಡೇ ಬಂದಿರಬಹುದು. ಆದರೂ ನೀವು ಬಟ್ಟಲು ಹಿಡಿದು ನಿಂತಾಗ ಬೇಡವೆನ್ನುವ ಧೈರ್ಯ ಅವಳಿಗೆ ಬರುವುದಿಲ್ಲ. ಬೇಡವೆಂದರೆ ‘ನಮ್ಮನ್ನೇನು ಬೆಳೆಸಿಲ್ಲವೇ’ ಎಂಬ ಮಾತು ಬರುತ್ತದೆ, ಮನೆಯಲ್ಲಿ ಮುಖ ಬಾಡುತ್ತದೆ. ಹಾಗಾಗಿ ಅವಳು ಕೇಳುವ ಮೊದಲೇ ನೀವೇ ಹೇಳಿಬಿಡಿ. ಶಾಸ್ತ್ರ ಬಿಡಲಾಗದಿದ್ದರೆ ಬಂಗಾರದ ಉಂಗುರವನ್ನು ತಾಯಿಯ ಹಾಲಿಗೇ ಅದ್ದಿ ನಾಲಗೆಗೆ ಮುಟ್ಟಿಸಿ. ಕಾಯಿಸಿ ಆರಿಸಿದ ನೀರಿನಲ್ಲಿ ಉಂಗುರ ತೊಳೆದಿರಬೇಕು, ಅಷ್ಟೇ. ನೋಡಲು ಬಂದ ನೆರೆಯವರು ಪ್ರೀತಿಯಿಂದ ಬೆರಳು ಅದ್ದಲು ಹೋದರೆ ತಡೆಯುವ ಅಧಿಕಾರವೂ ನಿಮ್ಮದೇ. ಸೊಸೆಗಿಂತ ನಿಮ್ಮ ಮಾತಿಗೆ ಗಲ್ಲಿಯಲ್ಲಿ ಬೆಲೆ ಹೆಚ್ಚು.

ಮೊದಲ ಹೆರಿಗೆಗೆ ಸೊಸೆಯನ್ನು ತವರಿಗೆ ಕಳಿಸುವವರಿಗೆ ಇನ್ನೊಂದು ಕೆಲಸ ಉಳಿಯುತ್ತದೆ. ಅಲ್ಲಿ, ಹುನಗುಂದದಲ್ಲೋ ಮುದ್ದೇಬಿಹಾಳದಲ್ಲೋ ರೋಣದಲ್ಲೋ, ಇನ್ನೊಬ್ಬ ಆಯಿ ಸಾಣೆಕಲ್ಲು ತೊಳೆದಿಟ್ಟು ಕಾಯುತ್ತಿರುತ್ತಾಳೆ. ಈ ಪತ್ರ ಅವಳಿಗೆ ತಲುಪುವುದಿಲ್ಲ. ರೈಲು ಮಡಗಾಂವ್ ಬಿಡುವ ಮೊದಲು ನೀವು ಅವಳಿಗೆ ಒಂದು ಫೋನ್ ಮಾಡಿ.

ನಿಮ್ಮವ,
ಮಡಗಾಂವಿನ ಒಬ್ಬ ಕನ್ನಡಿಗ